ಹತ್ತಿ ಗೋದಾಮಿನಲ್ಲಿ ಬುದ್ಧನ ಪಾಠ

ಆದೋನಿ
8 ನವೆಂಬರ್ 1942

ವೇಲೂರು ಜೈಲಿನಲ್ಲಿರುವ ನಮ್ಮ ಯಜಮಾನರಿಗೆ ಗುರುಶಾಂತಮ್ಮ ಮಾಡುವ ಶರಣು. ಈ ಕಾಗದವನ್ನು ಮೊದಲು ಒಡೆದು ಓದುವ ಅಧಿಕಾರಿಗೂ ನಮಸ್ಕಾರ. ಸರ್ಕಾರಕ್ಕೆ ಕೆಡುಕಾಗುವ ಮಾತು ಇದರಲ್ಲಿ ಒಂದೂ ಇಲ್ಲ.

ಅತ್ತೆಯವರು ಗಟ್ಟಿಯಾಗಿದ್ದಾರೆ. ಹತ್ತಿ ಪೇಟೆಯ ಗಂಜಿನಲ್ಲಿ ಬಾವುಟ ಹಾರಿಸಿದ್ದಕ್ಕೆ ಪೊಲೀಸರು ನಿಮ್ಮನ್ನು ಹಿಡಿದೊಯ್ದ ದಿನ ಓಣಿಯ ಹೆಂಗಸರು ಅಳುತ್ತ ಬಂದರೆ ಇವರು ಬಾಗಿಲಲ್ಲೇ ತಡೆದು, "ನನ್ನ ಮಗ ಏನ್ ಕಳವು ಮಾಡಿ ಹೋಗ್ಯಾನಾ? ಅಳೋದಿದ್ರ ನಿಮ್ಮ ಮನಿಗೆ ಹೋಗಿ ಅಳ್ರಿ" ಎಂದು ಕಳಿಸಿದರು. ನಾನೂ ಅಂದು ಅಳಲಿಲ್ಲ. ಆದರೆ ಸಂಜೆಯ ಹೊತ್ತು ಮನೆ ಬಹಳ ದೊಡ್ಡದಾಗಿ ಕಾಣುತ್ತದೆ.

ಒಂದು ಹೊಸ ಸಂಗತಿ. ದೇವನಕೊಂಡದ ಜಂಗಮರ ಮನೆಯ ರೇವಣಸಿದ್ದಯ್ಯನವರು ರಂಗೂನಿನ ಕಟ್ಟಿಗೆ ಅಡ್ಡೆಯಲ್ಲಿ ಗುಮಾಸ್ತರಾಗಿದ್ದರಲ್ಲ, ಅವರು ಬಂದಿದ್ದಾರೆ. ಜಪಾನಿನವರ ಬಾಂಬು ಬಿದ್ದ ಮೇಲೆ ಕಾಡು ಬೆಟ್ಟ ನಡೆದು ದಾಟಿದರಂತೆ. ಹೆಂಡತಿ ದಾರಿಯಲ್ಲೇ ತೀರಿಕೊಂಡರಂತೆ. ಇಷ್ಟೆಲ್ಲ ಕಂಡವರ ಮುಖ ಹೇಗಿರಬೇಕು ಹೇಳಿ? ಇವರದು ತಿಳಿನೀರಿನ ಹಾಗಿದೆ. ರಂಗೂನಿನ ಧ್ಯಾನದ ಮಠವೊಂದರಲ್ಲಿ ವರ್ಷಗಟ್ಟಲೆ ಕಲಿತ ಬುದ್ಧನ ಪಾಠವನ್ನು ಈಗ ಇಲ್ಲಿ ಭಾನುವಾರಗಳಂದು ಹೇಳಿಕೊಡುತ್ತಾರೆ. ಗಂಜಿನ ಹಿಂದೆ ಯಾರದೋ ಖಾಲಿ ಹತ್ತಿ ಗೋದಾಮಿದೆ. ಅದಕ್ಕೇ ಧ್ಯಾನ ಮಂದಿರವೆಂದು ಹೆಸರಿಟ್ಟಿದ್ದಾರೆ. ನಾನೂ ಹೋಗುತ್ತಿದ್ದೇನೆ.

ಮೊದಲ ದಿನ ಒಬ್ಬಾಕೆ ಕೇಳಿದಳು, "ಅಯ್ಯನವ್ರೇ, ಕೊರಳಾಗಿನ ಲಿಂಗ ತಗೀಬೇಕೇನ್ರಿ?" ಅವರು ತಮ್ಮ ಎದೆಯ ಮೇಲಿನ ಲಿಂಗ ಮುಟ್ಟಿ ತೋರಿಸಿ, "ಇಲ್ಲಿ ಬಿಡೋದು ಚಪ್ಪಲಿ ಒಂದ ತಾಯಿ" ಎಂದರು. ಪಾಠವೆಂದರೆ ಕಣ್ಣು ಮುಚ್ಚಿ ಕುಳಿತು ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ನೋಡುವುದು. ಅಷ್ಟೆ. ನನ್ನ ಮನಸ್ಸು ಒಂದು ಉಸಿರು ನಿಲ್ಲದೆ ಅಡುಗೆಮನೆಗೆ, ಅಲ್ಲಿಂದ ವೇಲೂರಿಗೆ ಓಡಿತು. ಇಷ್ಟು ವರ್ಷ ಮನೆ ಆಳಿದವಳು, ನನ್ನನ್ನೇ ಆಳಿಲ್ಲವಲ್ಲ ಎಂದು ನಗು ಬಂತು.

ನಿಮ್ಮ ಆರೋಗ್ಯದ ವಿಷಯ ಮುಚ್ಚಿಡದೆ ಬರೆಯಿರಿ.

ಗುರುಶಾಂತಮ್ಮ


ವೇಲೂರು ಜೈಲು
20 ಡಿಸೆಂಬರ್ 1942

ಸೌಭಾಗ್ಯವತಿ ಗುರುಶಾಂತಮ್ಮನಿಗೆ ಏಕಾಂತಪ್ಪನ ಆಶೀರ್ವಾದ.

ನಾನು ಕಲ್ಲಿನ ಹಾಗಿದ್ದೇನೆ. ಇಲ್ಲಿ ದೊಡ್ಡ ದೊಡ್ಡ ವಕೀಲರು, ಮೇಷ್ಟರುಗಳು ನನ್ನ ಜೊತೆಗಿದ್ದಾರೆ. ಆದೋನಿಯ ಹತ್ತಿ ವ್ಯಾಪಾರಿಯೊಬ್ಬ ತಮ್ಮ ಸಾಲಿನಲ್ಲಿ ಇದ್ದಾನೆಂದು ಅವರಿಗೂ ಹೆಮ್ಮೆ. ಚಳಿಗಾಲ ಹಿತವಾಗಿದೆ. ಅವ್ವನಿಗೆ ಹೇಳು.

ನಿನ್ನ ಪಾಠದ ಸುದ್ದಿ ಓದಿ ನಗುವುದೋ ಹೆದರುವುದೋ ತಿಳಿಯಲಿಲ್ಲ. ಬುದ್ಧ ಹೆಂಡತಿ ಮಗುವನ್ನು ಮಲಗಿದಲ್ಲೇ ಬಿಟ್ಟು ಹೋದವನು. ನಾನು ಹಿಂದಿರುಗುವ ಹೊತ್ತಿಗೆ ನೀನು ಕಾವಿ ಉಟ್ಟು ಕೂತಿರುತ್ತೀಯೋ ಏನೋ. ಒಂಟಿತನಕ್ಕೆ ಏನಾದರೊಂದು ಬೇಕು ನಿಜ. ಕಸೂತಿ ಹಾಕು, ಅವ್ವನಿಗೆ ಪುರಾಣ ಓದಿ ಹೇಳು. ಉಸಿರನ್ನು ಕಾಯುತ್ತ ಕೂರುವುದು ಕೆಲಸವಿಲ್ಲದವರ ಕೆಲಸ. ಹೋಗಲೇಬೇಕೆನಿಸಿದರೆ ಹೋಗು, ತಡೆಯುವುದಿಲ್ಲ. ಆ ಗೋದಾಮು ಯಾರದೆಂದು ಬರೆಯಲಿಲ್ಲ. ಗಂಜಿನ ಹಿಂದಿನ ಗೋದಾಮುಗಳೆಲ್ಲ ನನಗೆ ಗೊತ್ತು.

ಏಕಾಂತಪ್ಪ


ಆದೋನಿ
31 ಜನವರಿ 1943

ಯಜಮಾನರಿಗೆ ಶರಣು.

ಗೋದಾಮಿನವರು ಸದ್ಯ ಊರಲ್ಲಿಲ್ಲ. ಬಹಳ ದೊಡ್ಡ ಮನಸ್ಸಿನವರು, ಬಂದ ಮೇಲೆ ಕೇಳಿದರೂ ಬೇಡವೆನ್ನಲಾರರು ಎಂದು ನಾನು ನಂಬಿದ್ದೇನೆ.

ನೀವು ಕೇಳಿದ್ದನ್ನೇ ನಾನೂ ಪಾಠದಲ್ಲಿ ಎದ್ದು ನಿಂತು ಕೇಳಿದೆ. "ಆತ ಹ್ವಾದ. ಸರಿ. ಮನಿಯಾಗಿದ್ದ ಆಕಿ ಏನ್ ಮಾಡಿದ್ಲು, ಅದನ್ನ ಹೇಳ್ರಿ" ಎಂದೆ. ಗಂಡಸರು ನಕ್ಕರು. ಅಯ್ಯನವರು ನಗಲಿಲ್ಲ. "ರಂಗೂನಿನಾಗ ಇಷ್ಟು ವರ್ಷ ಕೂತು ನಾನು ಇದನ್ನ ಕೇಳಿರ್ಲಿಲ್ಲ ನೋಡು" ಎಂದು ನೆಲ ನೋಡಿದರು. ಮುಂದಿನ ವಾರ ಯಶೋಧರೆಯ ಕಥೆ ಹೇಳಿದರು. ಬುದ್ಧ ಊರಿಗೆ ಬಂದಾಗ ಎಲ್ಲರೂ ಎದುರು ಹೋದರಂತೆ, ಆಕೆ ಹೋಗಲಿಲ್ಲವಂತೆ. ನನ್ನಲ್ಲಿ ಗುಣವಿದ್ದರೆ ಅವನೇ ನನ್ನ ಕೋಣೆಗೆ ಬರುತ್ತಾನೆ ಎಂದು ಕುಳಿತಳಂತೆ. ಅವನೇ ಬಂದನಂತೆ. ಈ ಕಥೆ ಕೇಳಿ ಮನೆಗೆ ಬರುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗಿತ್ತು.

ಈಗ ಮೈತ್ರಿಯ ಪಾಠ ನಡೆದಿದೆ. ಮೊದಲು ನಮಗೆ ನಾವೇ ಒಳಿತು ಬಯಸಬೇಕು. ಆಮೇಲೆ ಪ್ರೀತಿಯವರಿಗೆ, ಆಮೇಲೆ ಗುರುತಿಲ್ಲದವರಿಗೆ, ಕೊನೆಗೆ ನಮಗೆ ಆಗದವರಿಗೆ. ಮೊದಲ ಮೂರು ಸುಲಭ. ನಾಲ್ಕನೆಯದಕ್ಕೆ ಒಂದು ಹೆಸರು ನೆನಪಾಯಿತು, ಬಾಯಿಂದ ಹೊರಡಲಿಲ್ಲ. ಯಾರೆಂದು ಕೇಳಬೇಡಿ.

ನನ್ನ ಪಕ್ಕದಲ್ಲಿ ಕೊಂಡಮ್ಮ ಕೂರುತ್ತಾಳೆ. ಹತ್ತಿ ಕಾರ್ಖಾನೆಯಲ್ಲಿ ಅರಳೆ ಆರಿಸುವವಳು, ಊರಾಚೆಯ ಕೇರಿಯವಳು. ಮೊದಲ ದಿನ ಬಾಗಿಲಾಚೆ ನಿಂತು, "ಅಮ್ಮಗಾರೂ, ನಾ ಎಲ್ಲಿ ಕುಂದ್ರಲಿ?" ಎಂದಳು. ನಾನು ಚಾಪೆಯ ಮೇಲೆ ಸರಿದು ಜಾಗ ಮಾಡಿದೆ. ನನ್ನ ಎದೆ ಹೊಡೆದುಕೊಂಡಿತು, ಸುಳ್ಳು ಹೇಳುವುದಿಲ್ಲ. ಆಕೆಯದು ಇನ್ನೂ ಜೋರಾಗಿ ಹೊಡೆದುಕೊಂಡಿತೆಂದು ಆಮೇಲೆ ಹೇಳಿದಳು. ಈಗ ಇಬ್ಬರೂ ಒಂದೇ ಕೊಡದ ನೀರು ಕುಡಿಯುತ್ತೇವೆ.

ನಿಮ್ಮ ಅಕ್ಷರ ಈ ಸಲ ವಾರೆಯಾಗಿತ್ತು. ಕೈಗೆ ಏನಾದರೂ ಆಗಿದೆಯೇ?

ಗುರುಶಾಂತಮ್ಮ


ವೇಲೂರು ಜೈಲು
22 ಮಾರ್ಚ್ 1943

ಗುರುಶಾಂತಮ್ಮನಿಗೆ.

ನಮ್ಮ ಅಣ್ಣ ಮರಿಬಸಪ್ಪನ ಕಾಗದ ಬಂದಿದೆ. ಆ ಗೋದಾಮು ನನ್ನದೇ ಎಂದು ಅವನಿಂದ ತಿಳಿಯಬೇಕಾಯಿತು. ದೊಡ್ಡ ಮನಸ್ಸಿನವರು ಎಂದು ಬರೆದು ನನ್ನನ್ನು ಆಡಿಕೊಂಡೆಯಾ? ಕೇರಿಯವರೊಡನೆ ಒಂದೇ ಚಾಪೆ, ಒಂದೇ ಕೊಡವೆಂದು ಗಂಜೆಲ್ಲ ಮಾತಾಡುತ್ತಿದೆಯಂತೆ. ಅಣ್ಣನಿಗೆ ಪೇಟೆಯಲ್ಲಿ ತಲೆ ಎತ್ತಲು ಆಗುತ್ತಿಲ್ಲವಂತೆ. ದೇಶದ ಕೆಲಸಕ್ಕೆ ನಾನು ಇಲ್ಲಿದ್ದೇನೆ, ಮನೆಯ ಮರ್ಯಾದೆ ಕಾಯಲು ನೀನು ಅಲ್ಲಿದ್ದೀಯ. ಪಾಠ ನಿಲ್ಲಿಸು. ಇನ್ನು ಆ ವಿಷಯ ನನಗೆ ಬರೆಯಬೇಡ.

ಏಕಾಂತಪ್ಪ


ಆದೋನಿ
11 ಜುಲೈ 1943

ಯಜಮಾನರಿಗೆ ಶರಣು.

ಅತ್ತೆಯವರು ಕ್ಷೇಮ. ಹಿತ್ತಲಿನ ಗೋಡೆ ಕಟ್ಟಿಸಿದೆ. ಕರಿ ಎಮ್ಮೆ ಈದಿದೆ. ಪಾಠದ ವಿಷಯ ಬರೆಯಬೇಡವೆಂದಿದ್ದೀರಿ, ಬರೆಯುವುದಿಲ್ಲ.

ಗುರುಶಾಂತಮ್ಮ


ವೇಲೂರು ಜೈಲು
15 ಆಗಸ್ಟ್ 1943

ಗುರುಶಾಂತಾ,

ನಿನ್ನ ಕಾಗದ ಇಷ್ಟು ಚಿಕ್ಕದಾಗಿ ಎಂದೂ ಇರಲಿಲ್ಲ. ಎರಡೂ ಬದಿ ತಿರುಗಿಸಿ ನೋಡಿದೆ. ನಾನು ಬರೆದದ್ದು ಹೆಚ್ಚಾಯಿತೇನೋ.

ಸ್ವಲ್ಪ ಜ್ವರವಿದೆ, ಜೈಲಿನ ಆಸ್ಪತ್ರೆಯಲ್ಲಿದ್ದೇನೆ. ಅವ್ವನಿಗೆ ಹೇಳಬೇಡ. ಅಣ್ಣ ಒಂದು ದಾರಿ ಬರೆದಿದ್ದಾನೆ. ನಾನು ಮನೆಗೆ ಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ನಿನಗೂ ಅನಿಸುತ್ತದೆಯೇ? ಬೇಗ ಬರೆ. ದೊಡ್ಡದಾಗಿ ಬರೆ.

ಏಕಾಂತಪ್ಪ


ಆದೋನಿ
5 ಸೆಪ್ಟೆಂಬರ್ 1943

ಯಜಮಾನರಿಗೆ ಶರಣು.

ದೊಡ್ಡದಾಗಿ ಬರೆಯಲು ಹೇಳಿದ್ದೀರಿ. ಇನ್ನು ಯಾವುದನ್ನೂ ಮುಚ್ಚುವುದಿಲ್ಲ. ಓದಿದ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗಿ.

ಪಾಠ ನಿಲ್ಲಿಸು ಎಂಬ ನಿಮ್ಮ ಕಾಗದ ಬಂದ ವಾರ ನಾನು ಮನೆಯಲ್ಲೇ ಕುಳಿತೆ. ಅತ್ತೆಯವರು, "ಇವತ್ತು ಐತವಾರ ಅಲ್ಲೇನು, ಯಾಕ ಕುಂತಿ?" ಎಂದರು. ಕಾಗದ ಓದಿ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು.

"ಅವ ಜೇಲಿಗೆ ಹೋಗುವಾಗ ನಿನ್ನ ಕೇಳಿದ್ನೇನು?"

"ಇಲ್ರಿ ಅತ್ತಿ."

"ಮತ್ತ ನೀ ಪಾಠಕ್ಕ ಹೋಗಾಕ ಅವನ್ನ ಯಾಕ ಕೇಳ್ತಿ? ನಡಿ, ನಾನೂ ಬರ್ತೀನಿ. ಆ ಬುದ್ಧ ಏನಂತಾನ ನಾನೂ ಕೇಳ್ತೀನಿ."

ಇಬ್ಬರೂ ಹೋದೆವು. ಗೋದಾಮಿಗೆ ಬೀಗ. ಮರಿಬಸಪ್ಪ ಭಾವನವರು ಬೆಳಿಗ್ಗೆಯೇ ಹಾಕಿಸಿ ಕೀಲಿ ತೆಗೆದುಕೊಂಡು ಹೋಗಿದ್ದರು. ರೇವಣಸಿದ್ದಯ್ಯನವರು ಬೀಗ ಎಳೆದು ನೋಡಲಿಲ್ಲ, ಯಾರನ್ನೂ ಬೈಯಲಿಲ್ಲ. "ಬುದ್ಧ ಕೂತಿದ್ದು ಗೋದಾಮಿನಾಗ ಅಲ್ಲ, ನಡೀರಿ" ಎಂದು ಕೋಟೆ ಬೆಟ್ಟದ ಕಡೆಗೆ ಹೊರಟರು. ಬೆಟ್ಟದ ಬುಡದಲ್ಲಿ ಒಂದು ದೊಡ್ಡ ಬಂಡೆಯ ನೆರಳಿದೆ. ಕೊಂಡಮ್ಮ ಸೆರಗಿನಿಂದ ನೆಲ ಒರೆಸಿ, "ಈ ಬಂಡೆ ಯಾರ್ದಮ್ಮಾ? ಇದಕೂ ಬೀಗ ಹಾಕ್ತಾರಾ?" ಎಂದಳು. ಅತ್ತೆಯವರು ನಕ್ಕ ನಗುವಿಗೆ ಕೋತಿಗಳು ಓಡಿಹೋದವು.

ಬೇಸಿಗೆಯೆಲ್ಲ ಅಲ್ಲೇ ಕುಳಿತೆವು. ನೆರಳು ಸರಿದಂತೆ ನಾವೂ ಸರಿದೆವು. ಅಯ್ಯನವರು ಎರಡು ಬಾಣಗಳ ಪಾಠ ಹೇಳಿದರು. ಮೈಗೆ ನಾಟುವ ಬಾಣ ಒಂದು, ಅದು ಎಲ್ಲರಿಗೂ ನಾಟುತ್ತದೆ. ಅಯ್ಯೋ ನನಗೇ ಯಾಕೆ ಎಂದು ನಾವೇ ನಮಗೆ ಹೊಡೆದುಕೊಳ್ಳುವುದು ಎರಡನೆಯದು. ಇದನ್ನು ಹೇಳುವಾಗ ಅವರು ದಾರಿಯಲ್ಲಿ ತೀರಿಕೊಂಡ ಹೆಂಡತಿಯ ಹೆಸರು ಒಮ್ಮೆ ಹೇಳಿದರು. ಪಕೀರಮ್ಮ ಎಂದು. ಹೇಳಿ ಸುಮ್ಮನೆ ಉಸಿರು ನೋಡುತ್ತ ಕೂತರು. ನಾವೂ ಕೂತೆವು. ನೀವು ಸೆರೆಯಲ್ಲಿರುವುದು ನನ್ನ ಮೊದಲ ಬಾಣ. ಎರಡನೆಯದನ್ನು ನಾನು ಇನ್ನು ಹೊಡೆದುಕೊಳ್ಳುವುದಿಲ್ಲ.

ಹೋದ ತಿಂಗಳು ಭಾವನವರು ನನ್ನನ್ನು ತಮ್ಮ ಮನೆಗೆ ಕರೆಸಿದರು. ಅಂಗಳದ ತುಂಬ ಹಿರಿಯರು. ಒಂದು ಕಾಗದ ಬರೆದಿಟ್ಟಿದ್ದರು. ಇನ್ನು ಮುಂದೆ ಕೇರಿಯವರ ಸಂಗಡ ಕೂಡುವುದಿಲ್ಲ, ತಪ್ಪಾಯಿತು ಎಂದು.

"ಒಂದು ರುಜು ಹಾಕವ್ವ. ಎಲ್ಲಾ ಮುಗೀತೈತಿ" ಎಂದರು ಭಾವನವರು.

ನಾನು ಲೇಖನಿ ಮುಟ್ಟಲಿಲ್ಲ. ಉಸಿರು ಒಳಗೆ ಹೋಗುವುದನ್ನು ನೋಡಿದೆ, ಹೊರಗೆ ಬರುವುದನ್ನು ನೋಡಿದೆ. ಆಮೇಲೆ ನನ್ನ ಬಾಯಿಂದ ಮಾತು ಬಂತು. "ಭಾವನವ್ರೇ, ನಿಮ್ಮ ತಮ್ಮನವ್ರು ತಪ್ಪಾತು ಅಂತ ಒಂದು ಗೆರಿ ಬರದು ಕೊಟ್ಟಿದ್ರ ಎಂದೋ ಮನಿಗೆ ಬರ್ತಿದ್ರು. ಅಷ್ಟು ದೊಡ್ಡ ಸರ್ಕಾರಕ್ಕ ಅವ್ರು ರುಜು ಹಾಕಿಲ್ಲ. ಅವ್ರ ಹೇಣ್ತಿ ನಿಮ್ಮ ಅಂಗಳದಾಗ ಹಾಕ್ತಾಳಂತ ಹ್ಯಾಂಗ ತಿಳದ್ರಿ?"

ನಾನು ಸೆರಗು ಸರಿಮಾಡಿಕೊಂಡು ಬಂದೆ. ಅಂದಿನಿಂದ ನಮ್ಮವರು ಯಾರೂ ನಮ್ಮನ್ನು ಮದುವೆ ಮುಂಜಿಗೆ ಕರೆಯುತ್ತಿಲ್ಲ. ಮೊದಲ ಬಾಣವೆಂದುಕೊಂಡಿದ್ದೇನೆ.

ಮನೆಗೆ ಬರುವ ವಿಷಯ ಕೇಳಿದ್ದೀರಿ. ಬಿಟ್ಟಾಗ ಬನ್ನಿ. ನಿಮ್ಮನ್ನು ನೆನೆದಾಗ ನನಗೆ ದುಃಖಕ್ಕಿಂತ ಹೆಮ್ಮೆ ಮೊದಲು ಬರುತ್ತದೆ. ಜ್ವರಕ್ಕೆ ಸರಿಯಾಗಿ ಔಷಧಿ ಕೇಳಿ ತೆಗೆದುಕೊಳ್ಳಿ.

ಗುರುಶಾಂತಮ್ಮ


ವೇಲೂರು ಜೈಲು
3 ಅಕ್ಟೋಬರ್ 1943

ಗುರುಶಾಂತಾ,

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅಣ್ಣ ಬರೆದಿದ್ದ ದಾರಿ ಯಾವುದೆಂದರೆ, ಇನ್ನು ಚಳವಳಿಗೆ ಸೇರುವುದಿಲ್ಲವೆಂದು ಬರೆದುಕೊಟ್ಟು ಬಿಡಿಸಿಕೊಂಡು ಬಾ, ಬಂದು ನಿನ್ನ ಹೆಂಡತಿಯನ್ನು ಹದ್ದುಬಸ್ತಿನಲ್ಲಿಡು ಎಂದು. ಜ್ವರ ಬಂದು ಬಂದು ನಾನು ಬಹಳ ಸೊರಗಿದ್ದೇನೆ. ಕಲ್ಲಿನ ಹಾಗಿದ್ದೇನೆ ಎಂದು ಬರೆದಾಗಲೇ ಚಳಿಜ್ವರ ಹಿಡಿದಿತ್ತು. ವಾರೆ ಅಕ್ಷರ ಅದರದ್ದೇ. ನೀನು ಕಂಡುಹಿಡಿದೆ, ನಾನು ಉತ್ತರ ಕೊಡಲಿಲ್ಲ. ಮನೆಯ ರೊಟ್ಟಿ, ನಿನ್ನ ದನಿ, ಅವ್ವನ ಬೈಗುಳ ಇವಿಷ್ಟೇ ಕಣ್ಣ ಮುಂದೆ ಬರುತ್ತಿದ್ದವು. ಬರೆದುಕೊಡುತ್ತೇನೆಂದು ಹೇಳಿಕಳಿಸಿದೆ.

ಸೋಮವಾರ ಕಚೇರಿಗೆ ಕರೆದರು. ಮೇಜಿನ ಮೇಲೆ ಕಾಗದ ಸಿದ್ಧವಿತ್ತು. ಅಧಿಕಾರಿ ಲೇಖನಿ ಕೈಗೆ ಕೊಡುವ ಮೊದಲು, "ನಿಮ್ಮ ಮನೆಯಿಂದ ಟಪಾಲು ಬಂದಿದೆ, ಓದಿಕೊಳ್ಳಿ" ಎಂದು ನಿನ್ನ ಕಾಗದ ಕೊಟ್ಟರು. ಅವರು ಅದನ್ನು ಮೊದಲೇ ಓದಿದ್ದರಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ನಿಂತೇ ಓದಿದೆ. ಅಣ್ಣನ ಅಂಗಳದಲ್ಲಿ ನೀನಾಡಿದ ಮಾತಿಗೆ ಬಂದಾಗ ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದೆ. ನಾನು ಯಾವುದನ್ನು ಮಾಡಲು ಬಂದು ನಿಂತಿದ್ದೆನೋ ಅದನ್ನು ನಾನು ಎಂದೂ ಮಾಡುವವನಲ್ಲ ಎಂದು ನೀನು ಊರ ಹಿರಿಯರ ಮುಂದೆ ಹೇಳಿದ್ದೆ.

"ನನಗೆ ಇದು ಬೇಡ" ಎಂದು ಹಿಂದಕ್ಕೆ ಬಂದೆ. ಅಧಿಕಾರಿ ಕಾಗದ ಮಡಿಸಿಟ್ಟು ನನ್ನ ಜೊತೆ ಎದ್ದರು. ಬಾಗಿಲ ಹತ್ತಿರ, "ನಿಮ್ಮ ಶ್ರೀಮತಿಯವರು ಚೆನ್ನಾಗಿ ಬರೆಯುತ್ತಾರೆ" ಎಂದರು.

ನೀನು ಹೊಗಳಿದ ಮನುಷ್ಯ ಆ ಗಳಿಗೆಯವರೆಗೆ ಇರಲಿಲ್ಲ ಗುರುಶಾಂತಾ. ಈಗ ಇದ್ದಾನೆ.

ಗೋದಾಮು ನನ್ನ ಪಾಲಿನದು, ಅದನ್ನು ಪಾಠಕ್ಕೆ ಬಿಟ್ಟಿದ್ದೇನೆ, ಕೀಲಿಯನ್ನು ನನ್ನ ಹೆಂಡತಿಯ ಕೈಗೆ ಕೊಡು ಎಂದು ಅಣ್ಣನಿಗೆ ಇವತ್ತೇ ಬರೆದಿದ್ದೇನೆ. ಉಸಿರು ನೋಡುವುದು ಹೇಗೆಂದು ನನಗೂ ಬರೆದು ತಿಳಿಸು. ಇಲ್ಲಿ ಅದಕ್ಕೆ ಬೇಕಾದಷ್ಟು ಪುರಸತ್ತು ಇದೆ.

ಏಕಾಂತಪ್ಪ


ಆದೋನಿ
9 ಜನವರಿ 1944

ಯಜಮಾನರಿಗೆ ಶರಣು.

ನಿಮ್ಮ ಕಾಗದವನ್ನು ಅತ್ತೆಯವರಿಗೆ ಓದಿ ಹೇಳಲಿಲ್ಲ. ಅದು ನನ್ನದು. ನೀವು ರುಜು ಹಾಕಿ ಬಂದಿದ್ದರೂ ನಾನು ಬಿಸಿನೀರು ಕಾಯಿಸಿ, ರೊಟ್ಟಿ ಬಡಿದು ಹಾಕುತ್ತಿದ್ದೆ. ಒಂದು ಮಾತೂ ಕೇಳುತ್ತಿರಲಿಲ್ಲ. ಆದರೆ ಭಾನುವಾರ ಪಾಠಕ್ಕೆ ಹೋಗುತ್ತಿದ್ದೆ, ಅದೂ ನಿಜ. ರುಜು ಹಾಕಲಿಲ್ಲವೆಂದು ಓದಿದಾಗ ಹಿತ್ತಲಿಗೆ ಹೋಗಿ ಎಮ್ಮೆಯ ಕೊರಳು ತಬ್ಬಿಕೊಂಡು ಅತ್ತುಬಿಟ್ಟೆ. ನಿಮ್ಮನ್ನು ಹಿಡಿದ ದಿನ ಬಾರದ ಅಳು ಅಂದು ಬಂತು.

ಭಾವನವರು ನಿಮ್ಮ ಕಾಗದ ಬಂದ ಮೇಲೂ ಬಹಳ ದಿನ ಕೀಲಿ ಕೊಡಲಿಲ್ಲ. ಚಳಿ ಶುರುವಾದ ಮೇಲೆ ಒಂದು ಭಾನುವಾರ ಬಂಡೆಯ ಹತ್ತಿರ ಅವರೇ ಬಂದರು. ಅತ್ತೆಯವರು ಮೈತುಂಬ ಕಂಬಳಿ ಹೊದ್ದು ಕೊಂಡಮ್ಮನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಹೆತ್ತ ತಾಯಿ ನೆಲದ ಮೇಲೆ ಕೂತಿದ್ದನ್ನು ನೋಡಿ ಅವರ ಮುಖ ಹೇಗೋ ಆಯಿತು. "ಅವ್ವಾ, ಚಳ್ಯಾಗ ಯಾಕ ಕುಂತಿ, ಮನಿಗಿ ನಡಿ" ಎಂದರು. ಅತ್ತೆಯವರು ಕಣ್ಣು ತೆರೆಯದೆ, "ಪಾಠ ನಡದೈತಿ, ಗದ್ದಲ ಮಾಡಬ್ಯಾಡ" ಎಂದರು. ಭಾವನವರು ಕೀಲಿಯನ್ನು ನನ್ನ ಮುಂದಿಟ್ಟು ಹೋದರು.

ಗೋದಾಮಿನಲ್ಲಿ ಮತ್ತೆ ಪಾಠ ಶುರುವಾಗಿದೆ. ಭಾವನವರು ಎರಡು ಸಲ ಬಂದು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಬಂದಿಲ್ಲ. ಬರದಿದ್ದರೂ ಚಿಂತೆಯಿಲ್ಲ. ಮೈತ್ರಿಯ ಪಾಠದಲ್ಲಿ ಬಾಯಿಂದ ಹೊರಡದ ಹೆಸರು ಅವರದೇ. ಅದೀಗ ಸಲೀಸಾಗಿ ಬರುತ್ತದೆ.

ಬರ್ಮಾದಿಂದ ಬಂದ ನಿರಾಶ್ರಿತರು ಕರೆದರೆಂದು ರೇವಣಸಿದ್ದಯ್ಯನವರು ವಿಶಾಖಪಟ್ಟಣದ ಕಡೆಗೆ ಹೊರಟಿದ್ದಾರೆ. ಪಾಠ ನಿಲ್ಲುತ್ತದೆಂದು ಎಲ್ಲರೂ ಕಂಗಾಲಾದೆವು. ಅವರು ನನ್ನ ಕಡೆ ತಿರುಗಿ, "ಇನ್ನ ಮ್ಯಾಲ ಈಕಿ ಹೇಳ್ತಾಳ" ಎಂದರು. ನಾನು ಆಗದೆಂದೆ. "ಕೇಳಿದ್ದನ್ನ ಹೇಳಬ್ಯಾಡ ತಾಯಿ, ಕೂತು ಕಂಡಿದ್ದನ್ನ ಹೇಳು" ಎಂದರು. ಬರುವ ಭಾನುವಾರ ನಾನು ಹೇಳಬೇಕು. ನಿಮ್ಮ ಹಾಗೆ ಗಂಜಿನಲ್ಲಿ ನಿಂತು ಭಾಷಣ ಮಾಡಿದವಳಲ್ಲ ನಾನು.

ನಿಮಗೆ ಮೊದಲ ಪಾಠ ಇಷ್ಟು. ನೆಟ್ಟಗೆ ಕುಳಿತು ಕಣ್ಣು ಮುಚ್ಚಿರಿ. ಉಸಿರನ್ನು ಎಳೆಯಬೇಡಿ, ತಡೆಯಬೇಡಿ. ಬರುತ್ತದೆ, ಹೋಗುತ್ತದೆ, ನೋಡುತ್ತಿರಿ. ಮನಸ್ಸು ಆದೋನಿಗೆ ಓಡಿ ಬಂದರೆ ಬೈಯದೆ ಕರೆದುಕೊಂಡು ಹೋಗಿ.

ಗುರುಶಾಂತಮ್ಮ


ವೇಲೂರು ಜೈಲು
18 ಜೂನ್ 1944

ಗುರುಶಾಂತಾ,

ಜ್ವರ ಬಿಟ್ಟು ಎರಡು ತಿಂಗಳಾಯಿತು. ಈ ಸಲ ನಿಜವನ್ನೇ ಬರೆಯುತ್ತಿದ್ದೇನೆ, ಅಕ್ಷರ ನೋಡು. ದಿನಾ ಬೆಳಿಗ್ಗೆ ಕುಳಿತುಕೊಳ್ಳುತ್ತೇನೆ. ಮೊದಮೊದಲು ವಕೀಲರು ನಕ್ಕರು. ಈಗ ಇಬ್ಬರು ಪಕ್ಕಕ್ಕೆ ಬಂದು ಕೂರುತ್ತಾರೆ. ಏನಾದರೂ ತಿಳಿಯದಿದ್ದರೆ ನನ್ನನ್ನು ಕೇಳುತ್ತಾರೆ, ನಾನು ನಿನ್ನ ಕಾಗದ ನೋಡಿ ಹೇಳುತ್ತೇನೆ.

ಬಿಡುಗಡೆಯ ಸುದ್ದಿ ಇನ್ನೂ ಇಲ್ಲ. ಬಂದಾಗ ಬರಲಿ.

ನಿನ್ನೆ ನಡೆದದ್ದನ್ನು ಹೇಳಲೆಂದೇ ಬರೆಯಲು ಕೂತೆ. ಬೇರೆ ಜೈಲಿನಿಂದ ಕೆಲವರನ್ನು ಇಲ್ಲಿಗೆ ತಂದರು. ಅವರಲ್ಲಿ ಸಿ. ಬೆಳಗಲ್ ಊರಿನ ಚಿನ್ನಪ್ಪ ಎಂಬ ಹುರುಪಿನ ಆಳೊಬ್ಬ ಇದ್ದಾನೆ. ಅವನ ಅಕ್ಕ ಆದೋನಿಯ ಹತ್ತಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳಂತೆ. ಊಟದ ಹೊತ್ತಿಗೆ ಯಾರೋ ನನ್ನನ್ನು ತೋರಿಸಿ, ಇವರು ಆದೋನಿಯ ಏಕಾಂತಪ್ಪನವರು, ಗಂಜಿನಲ್ಲಿ ಬಾವುಟ ಹಾರಿಸಿದವರು ಎಂದು ಪರಿಚಯ ಹೇಳಿದರು. ಅವನಿಗೆ ಬಾವುಟದ ಸುದ್ದಿ ಗೊತ್ತೇ ಇರಲಿಲ್ಲ. ನನ್ನ ಹೆಸರು ಕೇಳಿ ಯೋಚನೆ ಮಾಡಿದ. ತಟ್ಟನೆ ತಟ್ಟೆ ಕೆಳಗಿಟ್ಟು ಎದ್ದು ಕೈಮುಗಿದ.

"ಏಮಯ್ಯಾ, ಗೋದಾಮಿನ್ಯಾಗ ಬುದ್ಧುಂದು ಪಾಠ ಹೇಳೋ ಪಂತುಲಮ್ಮ ಅದಾರಲ್ಲ, ಗುರುಶಾಂತಮ್ಮ, ಅವ್ರ ಗಂಡ ನೀವೇನಾ?"

ಸಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ನಾನೂ ಎದ್ದು ನಿಂತೆ. ಕೊನೆಯಲ್ಲಿ ಕೂತವರಿಗೂ ಕೇಳುವಂತೆ ಗಟ್ಟಿಯಾಗಿ, "ಹೌದಪ್ಪಾ, ನಾನ" ಎಂದೆ.

ಏಕಾಂತಪ್ಪ